ಪೂರ್ವಪಕ್ಷ ಬರೆಯುವ ಕೆಲಸ

ಗುಬ್ಬಿಯಲ್ಲಿ ವಕೀಲಿ ಮಾಡುತ್ತಿದ್ದ ಒಬ್ಬ ರಾಜಕಾರಣಿಗೆ ನಾನು ಏಳು ವರ್ಷ ಭಾಷಣದ ಟಿಪ್ಪಣಿ ಬರೆದುಕೊಟ್ಟೆ. ಏಳೋ ಆರೋ, ಖಚಿತವಾಗಿ ಹೇಳಲಾರೆ. ತುರ್ತು ಪರಿಸ್ಥಿತಿ ಮುಗಿದ ವರ್ಷ ಶುರುವಾದದ್ದು, ಎಂಬತ್ತರ ದಶಕದ ನಡುವಿನ ಲೋಕಸಭಾ ಚುನಾವಣೆಗೆ ಕೆಲವು ತಿಂಗಳು ಮುಂಚೆ, ಒಂದು ಮಧ್ಯಾಹ್ನ ನಿಂತುಹೋಯಿತು. ಆ ಮಧ್ಯಾಹ್ನ ನಡೆದದ್ದರಿಂದ ಅವರಿಗೆ ಟಿಕೆಟ್ ತಪ್ಪಿತು. ತಪ್ಪಿಸಿದವನು ನಾನೋ, ಅಥವಾ ಅವರಲ್ಲಿ ಹೇಳಲು ಮಾತಿಲ್ಲದೆ ತಾನಾಗಿ ತಪ್ಪಿತೋ ಎಂಬುದು ಬಹಳ ಕಾಲ ನನ್ನನ್ನು ಕಾಡಿದೆ.

ಅವರು ತಾಲ್ಲೂಕು ಬೋರ್ಡಿನಲ್ಲಿ ಎರಡು ಅವಧಿ ಇದ್ದವರು. ರಸ್ತೆ, ಶಾಲೆ, ಬೋರ್‌ವೆಲ್ಲು ಅಂತ ಮಾತಾಡಿಕೊಂಡಿದ್ದರೆ ವಿಧಾನಸಭೆಗೆ ಸುಲಭವಾಗಿ ಹೋಗಬಹುದಿತ್ತು ಎಂದು ಅವರ ಕಡೆಯವರೇ ಹೇಳುತ್ತಿದ್ದರು. ಆದರೆ ಅವರ ಮನಸ್ಸೆಲ್ಲ ಪಾರ್ಲಿಮೆಂಟಿನ ಮೇಲೆ, ಅದರಲ್ಲೂ ವಿದೇಶಾಂಗ ನೀತಿಯ ಮೇಲೆ. ಹಾಲಿನ ಸೊಸೈಟಿ ಉದ್ಘಾಟನೆಗೆ ಕರೆದರೆ, ಯುರೋಪಿನವರು ದಾನವಾಗಿ ಕಳಿಸುವ ಹಾಲಿನ ಪುಡಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಟೇಪು ಕತ್ತರಿಸಿ ಬರುತ್ತಿದ್ದರು. ಗುಬ್ಬಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರಿಗೆ 'ಇಂಟರ್‌ನ್ಯಾಷನಲ್' ಎಂದು ಹೆಸರಿಟ್ಟಿದ್ದರು.

"ಇಂಟರ್‌ನ್ಯಾಷನಲ್ ಬಂದ್ರು ಕಣ್ಲಾ, ಜಾಗ ಬುಡು. ರಷ್ಯಾದೋರ್ಗೂ ಅಮೆರಿಕದೋರ್ಗೂ ಇವತ್ತು ಇಲ್ಲೇ ಪಂಚಾಯ್ತಿ."

ಅವರಿಗೆ ಕೇಳಿಸುವ ಹಾಗೆಯೇ ಅನ್ನುತ್ತಿದ್ದರು. ಅವರು ಪಂಚೆ ಮೇಲೆತ್ತಿ ಬೆಂಚಿನ ಮೇಲೆ ಕೂತು, "ಪಂಚಾಯ್ತಿಗೆ ಫೀಸ್ ತಗೊಳಲ್ಲ ಕಣ್ರಪ್ಪ, ಕಾಫಿ ಮಾತ್ರ ನೀವ್ ಕೊಡಿಸ್ಬೇಕು" ಎನ್ನುತ್ತಿದ್ದರು. ನಗುವುದರಲ್ಲಿ ಅವರದೇ ಮೇಲುಗೈ. ಆದರೆ ಆ ನಗುವಿನ ನಂತರ ಅಲ್ಲಿ ಯಾರೂ ಅವರ ಜೊತೆ ಮಾತು ಮುಂದುವರಿಸುತ್ತಿರಲಿಲ್ಲ ಎಂಬುದನ್ನು ನಾನು ನಿಧಾನವಾಗಿ ಗಮನಿಸಿದೆ.

ನನ್ನದೂ ಹೆಚ್ಚುಕಡಿಮೆ ಅದೇ ಸ್ಥಿತಿ. ಮೈಸೂರಿನಲ್ಲಿ ಅಂತರರಾಷ್ಟ್ರೀಯ ರಾಜಕೀಯ ಓದಿ ಎಂ.ಎ. ಮುಗಿಸಿದ್ದೆ. ಯಾರು ಏನು ಹೇಳಿದರೂ 'ಇದಕ್ಕೆ ಆಧಾರವೇನು' ಎಂದು ಕೇಳುವ ಚಟ ಅಲ್ಲಿಯೇ ಅಂಟಿಕೊಂಡದ್ದು. ತುಮಕೂರಿನ ಒಂದು ಕಾಲೇಜಿನಲ್ಲಿ ಅರೆಕಾಲಿಕ ಅಧ್ಯಾಪಕನಾಗಿ ಸೇರಿ, ಬಟವಾಡಿಯಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ನಿಂತಿದ್ದ ಒಂದು ವಠಾರದಲ್ಲಿ ರೂಮು ಹಿಡಿದೆ. ಲಾರಿಗಳು ಹೋದಾಗ ಕಿಟಕಿಯ ಸರಳು ಸಣ್ಣಗೆ ನಡುಗುತ್ತಿತ್ತು. ಸಂಜೆ ಟ್ರಾನ್ಸಿಸ್ಟರ್ ಹಚ್ಚಿ ಲಂಡನ್, ಮಾಸ್ಕೋ, ವಾಷಿಂಗ್ಟನ್ನಿನ ಸುದ್ದಿ ಕೇಳುತ್ತಿದ್ದೆ. ಮೂರು ಕಡೆಯವರೂ ಒಂದೇ ಘಟನೆಯನ್ನು ಮೂರು ಥರ ಹೇಳುತ್ತಿದ್ದರು. ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿತ್ತು. ಸ್ಟಾಫ್ ರೂಮಿನಲ್ಲಿ ಬಾಯಿ ತೆಗೆದರೆ, "ನಿಮ್ ರಷ್ಯಾ ಹಂಗಿರ್ಲಿ ಸಾರ್, ನಾಳೆ ಇನ್ವಿಜಿಲೇಷನ್ ಯಾರ್ದು ನೋಡಿ" ಎಂದು ಮಾತು ಮುಗಿಸುತ್ತಿದ್ದರು.

ಗುಬ್ಬಿಯ ಆ ವಕೀಲರು ಒಮ್ಮೆ ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘದ ಉದ್ಘಾಟನೆಗೆ ಬಂದಿದ್ದರು. ಅಣ್ವಸ್ತ್ರ ಪ್ರಸರಣ ತಡೆಯುವ ಒಪ್ಪಂದಕ್ಕೆ ಭಾರತ ಯಾಕೆ ಸಹಿ ಹಾಕಬಾರದು ಎಂಬುದು ಅವತ್ತಿನ ವಿಷಯ. ಹುಡುಗರು ಹಿಂದಿನ ಸಾಲಿನಿಂದ ಶಿಳ್ಳೆ ಹೊಡೆಯುತ್ತಿದ್ದರು. ಕೊನೆಗೆ ನಾನು ಎದ್ದು, ಸಹಿ ಹಾಕದೇ ಇರುವುದರಿಂದ ನಮಗಾಗುವ ನಷ್ಟವೇನು ಎಂದು ಕೇಳಿದೆ. ಅವರು ವೇದಿಕೆಯಿಂದ ಇಳಿದವರೇ ನೇರ ನನ್ನ ಹತ್ತಿರ ಬಂದರು.

"ಪ್ರಶ್ನೆ ಚೆನ್ನಾಗಿತ್ತು ಮೇಷ್ಟ್ರೇ. ಆದ್ರೆ ಅರ್ಧಕ್ಕೆ ಬಿಟ್ಬಿಟ್ರಿ. ಎದುರಾಳಿನ ನಿಲ್ಲಿಸ್ಬೇಕಾದ್ರೆ ಪೂರ್ತಿ ನಿಲ್ಲಿಸ್ಬೇಕು, ಮೊಣಕಾಲ್ ಮೇಲಲ್ಲ. ಭಾನುವಾರ ಗುಬ್ಬಿಗ್ ಬನ್ನಿ, ಹೇಳ್ತೀನಿ."

ಭಾನುವಾರ ಮೀಟರ್ ಗೇಜ್ ರೈಲಿನಲ್ಲಿ ಹೋದೆ. ಅವರು ಚಿಕ್ಕಂದಿನಲ್ಲಿ ಕ್ಯಾತ್ಸಂದ್ರದ ಕಡೆ ಒಂದು ಸಂಸ್ಕೃತ ಪಾಠಶಾಲೆಯಲ್ಲಿ ಕೆಲವು ವರ್ಷ ಓದಿದ್ದರು. ಅಲ್ಲಿ ವಾದ ಮಾಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಎದುರಾಳಿಯ ಮಾತನ್ನು ಎದುರಾಳಿಗಿಂತ ಚೆನ್ನಾಗಿ ಹೇಳಬೇಕು, ಅದು ಪೂರ್ವಪಕ್ಷ. ಅದು ಮುಗಿದ ಮೇಲಷ್ಟೇ ಅದನ್ನು ಒಂದೊಂದಾಗಿ ಬಿಡಿಸಿ ತನ್ನ ನಿಲುವನ್ನು ಸ್ಥಾಪಿಸಬೇಕು, ಅದು ಸಿದ್ಧಾಂತ. ವಕೀಲಿಗೆ ಬಂದ ಮೇಲೂ ರಾಜಕೀಯಕ್ಕೆ ಬಂದ ಮೇಲೂ ಅವರು ಆ ಕ್ರಮವನ್ನು ಬಿಟ್ಟಿರಲಿಲ್ಲ. ಯಾವ ಸಭೆಯಲ್ಲಾದರೂ ಮೊದಲ ಕಾಲು ಗಂಟೆ ಅವರು ತಮ್ಮ ವಿರುದ್ಧವೇ ಮಾತಾಡುತ್ತಿದ್ದರು. ಅದನ್ನು ಇಷ್ಟು ವರ್ಷ ತಾವೇ ಬರೆದುಕೊಳ್ಳುತ್ತಿದ್ದರಂತೆ.

"ನಂಗೆ ವಯಸ್ಸಾಯ್ತು. ಈಗೀಗ ನನ್ ಎದುರಾಳಿ ತುಂಬಾ ದಡ್ಡ ಆಗ್ಬಿಟ್ಟವ್ನೆ, ನಾನ್ ಹೇಳಿದ್ದಕ್ಕೆಲ್ಲ ಸೋಲ್ತಾನೆ. ನೀವ್ ಬರೀರಿ. ಕರುಣೆ ತೋರಿಸ್ಬೇಡಿ."

ಹೀಗೆ ನನ್ನ ಕೆಲಸ ಶುರುವಾಯಿತು. ನಾನು ಪೂರ್ವಪಕ್ಷ ಬರೆಯುವುದು, ಅವರು ಸಭೆಯಲ್ಲಿ ಅದನ್ನು ಓದಿ, ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಬಾಯಿಮಾತಿನಲ್ಲೇ ಉತ್ತರ ಹೇಳುವುದು. ಉತ್ತರವನ್ನು ಅವರು ಎಂದೂ ಬರೆಯುತ್ತಿರಲಿಲ್ಲ. ಬರೆದರೆ ಅದು ಗಟ್ಟಿಯಾಗಿಬಿಡುತ್ತದೆ, ಎದುರಿಗೆ ಕೂತವರ ಮುಖ ನೋಡಿ ಹೇಳಬೇಕು ಅನ್ನುತ್ತಿದ್ದರು. ನಾನು ಕಾರ್ಬನ್ ಇಟ್ಟು ಎರಡು ಪ್ರತಿ ಮಾಡುತ್ತಿದ್ದೆ. ಬರೆದಾದ ಮೇಲೆ ಮೇಲಿನ ಹಾಳೆಯ ತಲೆಯ ಮೇಲೆ ಕೆಂಪು ಶಾಯಿಯಲ್ಲಿ 'ಪೂರ್ವಪಕ್ಷ' ಎಂದು ಬರೆದು ಅಡಿಗೆರೆ ಎಳೆದು ಅವರಿಗೆ ಕೊಡುತ್ತಿದ್ದೆ. ಕಾರ್ಬನ್ ಪ್ರತಿ ನನ್ನ ಹತ್ತಿರ ಉಳಿಯುತ್ತಿತ್ತು.

ಅವರ ನಿಲುವುಗಳ ಬಗ್ಗೆ ಯಾರಾದರೂ ಕೇಳಿದರೆ ನನಗೆ ಎರಡು ಚೆನ್ನಾಗಿ ನೆನಪಿವೆ. ನೆರವಿನ ಬಗ್ಗೆ ಅವರು ಹೇಳುತ್ತಿದ್ದದ್ದು: ಪಕ್ಕದ ಮನೆಯಿಂದ ಹೆಪ್ಪಿಗೆ ಒಂದು ಚಮಚ ಮೊಸರು ಈಸಿಕೊಳ್ಳುವುದರಲ್ಲಿ ಅವಮಾನವಿಲ್ಲ, ದಿನಾ ಚೊಂಬು ಹಿಡಿದು ಹೋಗಿ ಮೊಸರು ತರುವುದಾದರೆ ಕೊಟ್ಟಿಗೆಯಲ್ಲಿ ಹಸು ಯಾಕೆ ಕಟ್ಟಿದ್ದೀಯ ಎಂದು ಅವರು ಕೇಳೇ ಕೇಳುತ್ತಾರೆ. ಶಾಲೆಯಲ್ಲಿ ಅಮೆರಿಕದ ಗೋಧಿಯ ಉಪ್ಪಿಟ್ಟು ತಿಂದು ಬೆಳೆದ ನನಗೆ ಈ ಮಾತು ನಾಟಿತ್ತು. ಇದನ್ನು ಅವರು ಹೇಳಿದರೆಂದೇ ನಾನು ಹತ್ತಾರು ಜನರಿಗೆ ಹೇಳಿದ್ದೇನೆ. ಈಗ ಯೋಚಿಸಿದರೆ, ಒಂದು ಪೂರ್ವಪಕ್ಷದ ಅಂಚಿನಲ್ಲಿ ನಾನೇ ಪೆನ್ಸಿಲಿನಲ್ಲಿ ಗೀಚಿಕೊಂಡಿದ್ದೆನೇನೋ ಅನ್ನಿಸುತ್ತದೆ. ಅವರ ಮನೆಯಲ್ಲಿ ಹಸು ಇರಲಿಲ್ಲ. ನಮ್ಮ ಮನೆಯಲ್ಲಿ ಇತ್ತು.

ಇನ್ನೊಂದು ನಿಲುವಿಗೆ ಸಾಕ್ಷಿಗಳಿದ್ದಾರೆ. ಕುಣಿಗಲ್ಲಿನಲ್ಲಿ ಒಂದು ಸಭೆ. ಎಪ್ಪತ್ತೊಂದರಲ್ಲಿ ರಷ್ಯಾದ ಜೊತೆ ಆಗಿದ್ದ ಇಪ್ಪತ್ತು ವರ್ಷದ ಒಪ್ಪಂದ ಅವತ್ತಿನ ವಿಷಯ. ಮೊದಲು ಕುಣಿಗಲ್ ದಾಟಿ ಯಡಿಯೂರಿಗೆ ಹೋಗಿ, ದಾಸೋಹದಲ್ಲಿ ಉಂಡು ಹಿಂದಕ್ಕೆ ಬಂದಿದ್ದರಿಂದ ತಡವಾಗಿತ್ತು, ಜನ ಬೇಸತ್ತಿದ್ದರು. ಅವರು ನನ್ನ ಹಾಳೆ ಓದಿ ಮುಗಿಸುವಷ್ಟರಲ್ಲಿ ಕೆರೆ ಕೆಳಗಿನ ಗದ್ದೆಯ ಒಬ್ಬ ಯಜಮಾನ ಎದ್ದು ನಿಂತ.

"ಸಾ, ರಷ್ಯಾ ಅತ್ಲಾಗಿರ್ಲಿ ಬುಡಿ. ನಮ್ ತೂಬು ಯಾವಾಗ ಎತ್ತುಸ್ತೀರಾ, ಅದ್ ಹೇಳಿ."

ಜನ ನಕ್ಕರು. ನನಗೆ ಅವಮಾನವಾಯಿತು. ಅವರಿಗೆ ಆಗಲಿಲ್ಲ.

"ಕೂತ್ಕೋ ಯಜಮಾನ, ತೂಬಿಗೇ ಬರ್ತೀನಿ. ನಿನ್ ಗದ್ದೆ ಮೇಲಿಂದೋ ಕೆಳಗಿಂದೋ?"

"ಕೆಳುಗ್ಲುದು ಸಾ."

"ಮೇಲಿನೋನ್ ಜೊತೆ ನೀರಿನ್ ಸರದಿ ಮಾತಾಡ್ಕೊಂಡಿದೀಯಲ್ಲ, ಎಷ್ಟ್ ವರ್ಷಕ್ಕೆ?"

"ವರ್ಷುಕ್ ಎಲ್ ಮಾತಾಡ್ತಾರೆ ಸಾ? ಬೆಳೆಗ್ ಬೆಳೆಗೆ ಮಾತಾಡೋದು. ಕೆರೆಗ್ ಎಷ್ಟ್ ಬಂತು ನೋಡ್ಕೊಂಡು."

"ನೋಡಿದ್ರಾ," ಎಂದು ಅವರು ಸಭೆಯ ಕಡೆ ತಿರುಗಿದರು. "ಈ ಯಜಮಾನ ಮೇಲಿನೋನ್ ಜೊತೆ ಜಗಳ ಆಡಿಲ್ಲ, ದೋಸ್ತಿನೂ ಬಿಟ್ಟಿಲ್ಲ. ಕೆರೆ ನೋಡ್ಕೊಂಡು ಮಾತಾಡ್ತಾನೆ. ದಿಲ್ಲಿಯೋರು ಇಪ್ಪತ್ ವರ್ಷದ ಮಳೆ ಆವತ್ತೇ ನೋಡ್ಬಿಟ್ಟವ್ರೆ. ನಂದು ಇಷ್ಟೇ ತಕರಾರು."

ಸಭೆ ಮುಗಿದ ಮೇಲೆ ಆ ಯಜಮಾನ ಬಂದು, "ನಂಗೇ ಗೊತ್ತಿರ್ಲಿಲ್ಲ ಬುಡಿ ಸಾ, ನಾನ್ ಇಷ್ಟ್ ಬುದ್ವಂತ ಅಂತ" ಎಂದು ಕೈ ಮುಗಿದ. ಹಿಂದಿರುಗುವ ಬಸ್ಸಿನಲ್ಲಿ ಅವರು ಮಗುವಿನ ಹಾಗೆ ಸಂತೋಷವಾಗಿದ್ದರು. ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಆ ಒಪ್ಪಂದದ ಪರವಾಗಿ ನಾನು ಬರೆದ ಹಾಳೆ ಅವರ ಜೇಬಿನಲ್ಲಿ ಮಡಚಿಕೊಂಡಿತ್ತು. ಅದರಲ್ಲಿ ಒಳ್ಳೆಯ ವಾದಗಳಿದ್ದವು. ಒಂದನ್ನೂ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಇದನ್ನು ನಾನು ಅವರಿಗೆ ಹೇಳಲಿಲ್ಲ. ಆದರೆ ಸೋಲುವುದಕ್ಕೆಂದೇ ವರ್ಷಗಟ್ಟಲೆ ಬರೆಯುವವನ ಒಳಗೆ ಏನೋ ಆಗುತ್ತದೆ. ಭಾನುವಾರ ಗುಬ್ಬಿಯಲ್ಲಿ ಅವರ ಹೆಂಡತಿ ಬಡಿಸಿದ ಮುದ್ದೆ ಸಾರು ಉಂಡು, ಅವರ ಜೊತೆ ಸಂಜೆವರೆಗೆ ಪ್ರಪಂಚವನ್ನು ಅಳೆದು, ರೈಲು ಹತ್ತಿ ಬಟವಾಡಿಯ ರೂಮಿಗೆ ಬಂದು ಬೀಗ ತೆಗೆಯುವಾಗ ವಾರದಲ್ಲಿ ಅದೊಂದು ದಿನ ನಾನು ಬದುಕಿದ್ದೇನೆ ಅನ್ನಿಸುತ್ತಿತ್ತು. ಅದೇ ಹೊತ್ತಿಗೆ, ಒಂದು ಸಲವಾದರೂ ಅವರು ನನ್ನ ಹಾಳೆಯ ಮುಂದೆ ತಡವರಿಸಬೇಕು ಎಂಬ ಆಸೆಯೂ ಬೆಳೆಯುತ್ತಿತ್ತು. ಎರಡೂ ಒಂದೇ ಮನುಷ್ಯನ ಮೇಲೆ.

ಆಮೇಲೆ ಎಣ್ಣೆಯ ವಿಷಯ ಬಂತು. ಆ ವರ್ಷಗಳಲ್ಲಿ ಸರ್ಕಾರ ಮಲೇಷ್ಯಾದ ಕಡೆಯಿಂದ ತಾಳೆ ಎಣ್ಣೆ ತರಿಸಿ ರೇಷನ್ ಅಂಗಡಿಯಲ್ಲಿ ಅಗ್ಗವಾಗಿ ಕೊಡುತ್ತಿತ್ತು. ಪಾಮಾಯಿಲ್ ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಅದರಿಂದ ಕೊಬ್ಬರಿಯ ಬೆಲೆ ಬೀಳುತ್ತದೆ ಎಂದು ಗುಬ್ಬಿಯ ತೆಂಗು ಬೆಳೆಗಾರರು ಸಿಟ್ಟಾಗಿದ್ದರು. ಮಾರ್ಕೆಟ್ ಯಾರ್ಡಿನಲ್ಲಿ ಸಭೆ ಕರೆದು ಇವರನ್ನು ಮುಖ್ಯ ಭಾಷಣಕ್ಕೆ ಕೇಳಿದರು. ಲೋಕಸಭೆಯ ಟಿಕೆಟ್ಟಿಗೆ ಇವರ ಹೆಸರು ಮೊದಲ ಸಲ ಗಂಭೀರವಾಗಿ ಓಡಾಡುತ್ತಿದ್ದ ಕಾಲ ಅದು. ಇವರ ವಿದೇಶಾಂಗ ನೀತಿಗೂ ಊರಿನ ಜನರ ಹೊಟ್ಟೆಪಾಡಿಗೂ ಕೊನೆಗೂ ಒಂದು ಸೇತುವೆ ಸಿಕ್ಕಿತ್ತು. ಆಮದಿನ ವಿರುದ್ಧ ಅವರು ಹತ್ತು ವರ್ಷದಿಂದ ಯೋಚಿಸಿದ್ದೆಲ್ಲ ಆ ದಿನ ಕೆಲಸಕ್ಕೆ ಬರಬೇಕಿತ್ತು.

"ಈ ಸಲ ನಿಮ್ ಕೈಲಾದಷ್ಟು ಗಟ್ಟಿಯಾಗಿ ಬರೀರಿ ಮೇಷ್ಟ್ರೇ," ಎಂದರು. "ಒಡೆಯೋಕೆ ನಂಗೂ ಒಂಚೂರು ಕಷ್ಟ ಆಗ್ಲಿ."

ನಮ್ಮ ವಠಾರದ ಹೆಂಗಸರು ಡಬ್ಬ ಹಿಡಿದು ರೇಷನ್ ಅಂಗಡಿಯ ಮುಂದೆ ನಿಲ್ಲುವುದನ್ನು ನಾನು ದಿನಾ ನೋಡುತ್ತಿದ್ದೆ. ನಾನೂ ನಿಂತಿದ್ದೆ. ಹಾಗಾಗಿ ಈ ಸಲ ನಾನು ಬರೆದದ್ದು ಪೂರ್ವಪಕ್ಷವಾಗಿರಲಿಲ್ಲ, ನನ್ನ ಸ್ವಂತ ಅಭಿಪ್ರಾಯವಾಗಿತ್ತು. ಅದು ಹೀಗೆ ಶುರುವಾಗುತ್ತಿತ್ತು: "ತೆಂಗಿನ ತೋಟದ ನೆರಳಿನಲ್ಲಿ ನಿಂತು, ಹೊರಗಿನ ಎಣ್ಣೆ ಬೇಡ ಎನ್ನುವುದು ಸುಲಭ. ತೋಟವಿಲ್ಲದವಳ ಒಲೆಯ ಮುಂದೆ ನಿಂತು ಅದೇ ಮಾತನ್ನು ಹೇಳಿ ನೋಡಿ." ಆಮೇಲೆ ಮುಖ್ಯವಾದ ವಾದ. ನಮ್ಮ ಸೀಮೆಯದು ಉಂಡೆ ಕೊಬ್ಬರಿ, ಉತ್ತರದ ಕಡೆ ತಿನ್ನುವುದಕ್ಕೆ ಹೋಗುವಂಥದ್ದು. ಗಾಣಕ್ಕೆ ಹಾಕುವುದು ಕೇರಳದ ಕೊಬ್ಬರಿ. ಎಣ್ಣೆ ಆಮದಾದರೆ ಪೆಟ್ಟು ಬೀಳುವುದು ಅವರಿಗೆ, ನಮಗಲ್ಲ. ನಮಗೆ ಇಲ್ಲದ ಗಾಯವನ್ನು ತೋರಿಸಿ ಬಡವರ ಬಾಣಲೆಯ ಎಣ್ಣೆಯನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಬರೆದು ಮುಗಿಸಿದಾಗ ನನಗೆ ಗೊತ್ತಿತ್ತು, ಇಷ್ಟು ಚೆನ್ನಾಗಿ ನಾನು ಯಾವುದನ್ನೂ ಬರೆದಿಲ್ಲ ಎಂದು.

ಇನ್ನು ಆ ಮಧ್ಯಾಹ್ನ. ನನಗೆ ನೆನಪಿರುವ ಪ್ರಕಾರ ಹೇಳುತ್ತೇನೆ.

ಸಭೆ ಶುರುವಾಗುವ ಮುಂಚೆ ತುಮಕೂರಿನ ಒಂದು ಪತ್ರಿಕೆಯ ವರದಿಗಾರ ಓಡುತ್ತ ಬಂದ. "ಸಾರ್, ನಾಲ್ಕೂವರೆ ಬಸ್ಸಿಗೆ ಹೋಗ್ಲೇಬೇಕು. ಭಾಷಣದ್ ಕಾಪಿ ಇದ್ರೆ ಕೊಟ್ಬಿಡಿ, ಕೂತ್ಕೊಂಡ್ ಕೇಳೋಕಾಗಲ್ಲ" ಎಂದ. ನಾನು ಕಾರ್ಬನ್ ಪ್ರತಿ ಕೊಟ್ಟೆ. ಅದರ ತಲೆಯ ಮೇಲೆ ಕೆಂಪು ಅಕ್ಷರ ಇರಲಿಲ್ಲ, ಅದು ಮೇಲಿನ ಹಾಳೆಯಲ್ಲಿ ಮಾತ್ರ. ಬಾಯಲ್ಲಿ ಹೇಳಿದೆ, "ಇದು ಅವರ ನಿಲುವಲ್ಲ ಕಣ್ರೀ, ಎದುರು ಪಕ್ಷದ್ದು" ಎಂದು. ಹೇಳಿದ ನೆನಪಿದೆ. ಆದರೆ ಹೇಳಿದಾಗ ಅವನು ತಲೆ ಆಡಿಸಿದನೇ, ಏನಂದ, ಯಾವುದೂ ನೆನಪಿಲ್ಲ. ನೆನಪಿನಲ್ಲಿ ನನ್ನ ದನಿ ಇದೆ, ಅವನ ಮುಖ ಇಲ್ಲ.

ಯಾರ್ಡು ತುಂಬಿತ್ತು. ಅವರು ನನ್ನ ಹಾಳೆ ಓದಿದರು. ಯಾವ ಮಾತನ್ನೂ ನುಂಗದೆ, ತೂಕ ಕಡಿಮೆ ಮಾಡದೆ ಓದಿದರು. ಬಡವರ ಬಾಣಲೆಯ ಮಾತಿಗೆ ಬಂದಾಗ ಪಕ್ಕದಲ್ಲಿ ನಿಂತಿದ್ದ ಹಮಾಲರು ಚಪ್ಪಾಳೆ ತಟ್ಟಿದರು. ನನ್ನ ಮೈ ಬಿಸಿಯಾಯಿತು. ಅವರು ಹಾಳೆ ಮಡಚಿದರು. ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಹೋಗಿ ಮೈಕು ಸತ್ತಿತು. ಹಿಂದೆ ಕೂತವರು ಗೊಣಗುತ್ತ ಎದ್ದರು. "ಏನ್ಲಾ ಇದು, ನಮ್ಮೋರೇ ಪಾಮಾಯಿಲ್ ಪರ ಮಾತಾಡವ್ರೆ!" ಎಂದು ಯಾರೋ ಕೂಗಿದರು. ನಾನು ಮುಂದಿನ ಬೆಂಚಿನಲ್ಲಿ ಕೂತು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಮೈಕನ್ನು ಎರಡು ಸಲ ತಟ್ಟಿದರು. ಆಮೇಲೆ ಕೈ ಮುಗಿದು ಇಳಿದುಬಿಟ್ಟರು. ಮೈಕಿಲ್ಲದೆಯೂ ಹೇಳಬಹುದಿತ್ತು. ಹೇಳಲಿಲ್ಲ. ಹೇಳಲು ಇರಲಿಲ್ಲ ಎಂದು ನನಗೆ ಅರ್ಥವಾಯಿತು.

ಮಾರನೆಯ ದಿನ ಪತ್ರಿಕೆಯಲ್ಲಿ ನನ್ನ ಹಾಳೆ ಹೆಚ್ಚುಕಡಿಮೆ ಪೂರ್ತಿ ಬಂತು, ಅವರ ಹೆಸರಿನಲ್ಲಿ. 'ವಿದೇಶಿ ಎಣ್ಣೆಗೆ ವಕೀಲರ ಬೆಂಬಲ' ಎಂದು ತಲೆಬರಹ. ಬೆಳೆಗಾರರು ಬೆಂಗಳೂರಿಗೆ ತಂತಿ ಕೊಟ್ಟರು. ಅವರ ಪಕ್ಷದವರು ಅಲ್ಲಿ ಬೇರೆ ಯಾರನ್ನೋ ಆರಿಸಿದರು. ಪತ್ರಿಕೆಗೆ ಅವರು ಬರೆದ ತಿದ್ದುಪಡಿ ವಾರದ ನಂತರ ಬಂತು. ಅದನ್ನು ಓದಿದವರು ಯಾರೂ ನನಗೆ ಸಿಗಲಿಲ್ಲ.

ಆ ಭಾನುವಾರ ನಾನು ಗುಬ್ಬಿಗೆ ಹೋಗಲಿಲ್ಲ. ಕಾರ್ಬನ್ ಪ್ರತಿಯ ಬಗ್ಗೆ ಏನು ಹೇಳಲಿ ಎಂಬ ಭಯ ಒಂದು. ಅದರ ಮೇಲೆ ಒಂದು ಕೋಪವನ್ನು ನಾನೇ ಬೆಳೆಸಿಕೊಂಡೆ: ಉತ್ತರ ಇಲ್ಲದಿದ್ದರೆ ಇಲ್ಲ ಅನ್ನಬೇಕಿತ್ತು, ಸಭೆಯಲ್ಲಿ ಒಪ್ಪಿಕೊಳ್ಳಬೇಕಿತ್ತು, ಅಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟ ಕ್ರಮ ಅದೇ ಅಲ್ಲವೇ? ಎರಡನೆಯ ಭಾನುವಾರವೂ ಹೋಗಲಿಲ್ಲ. ಮೂರನೆಯದಕ್ಕೆ ಹೋಗದಿರುವುದು ಸುಲಭವಾಯಿತು. ಅವರಿಂದ ಒಂದು ಕಾರ್ಡು ಬಂತು. "ಬರಲಿಲ್ಲ. ಆರೋಗ್ಯವೇ?" ಅಷ್ಟೇ. ಉತ್ತರ ಬರೆಯಲು ಕೂತೆ, ಬರೆಯಲಿಲ್ಲ.

ಅಲ್ಲಿಂದ ಮುಂದೆ ನಾಲ್ಕೈದು ವರ್ಷ ನನ್ನ ಹತ್ತಿರ ಹೇಳಿಕೊಳ್ಳುವಂಥದ್ದು ಏನಿಲ್ಲ. ಕೆಲಸ ಕಾಯಂ ಆಯಿತು. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದು ಹರವಿ, ಮಧ್ಯಾಹ್ನದ ಹೊತ್ತಿಗೆ ಮಾಡಲು ಏನೂ ಉಳಿಯದೆ, ಕ್ಯಾತ್ಸಂದ್ರದ ಸ್ಟೇಷನ್ನಿನವರೆಗೆ ನಡೆದುಹೋಗಿ ಕಲ್ಲು ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಗುಬ್ಬಿಯ ಕಡೆ ಹೋಗುವ ಗಾಡಿ ನಿಂತು ಹೊರಡುವುದನ್ನು ನೋಡುತ್ತಿದ್ದೆ. ಅಫ್ಘಾನಿಸ್ತಾನದಿಂದ ರಷ್ಯಾ ಸೇನೆ ಹಿಂದಕ್ಕೆ ಬರುತ್ತದೆ ಎಂಬ ಸುದ್ದಿ ರೇಡಿಯೋದಲ್ಲಿ ಬಂದ ದಿನ, ಅದರ ಪರವಾಗಿಯೂ ವಿರುದ್ಧವಾಗಿಯೂ ತಲೆಯೊಳಗೆ ವಾದಗಳು ತಾವಾಗಿ ಜೋಡಿಸಿಕೊಂಡವು. ಹೇಳಲು ಯಾರೂ ಇರಲಿಲ್ಲ. ವಠಾರದ ಬಾವಿಯ ಹತ್ತಿರ ಒಬ್ಬ ಮುದುಕರು ಹಲ್ಲುಜ್ಜುತ್ತಿದ್ದರು. ಅವರಿಗೆ ಹೇಳಿದೆ. "ಹೌದಾ, ಒಳ್ಳೇದಾಯ್ತು ಬಿಡಿ" ಎಂದು ಬಾಯಿ ಮುಕ್ಕಳಿಸಿದರು. ಮುಂದಿನ ಭಾನುವಾರ ಕ್ಯಾತ್ಸಂದ್ರದಲ್ಲಿ ಟಿಕೆಟ್ ತೆಗೆದುಕೊಂಡು ಗಾಡಿ ಹತ್ತಿದೆ.

ಬಾಗಿಲು ತೆಗೆದದ್ದು ಅವರ ಹೆಂಡತಿ. "ದಾರಿ ಮರ್ತೋಗಿತ್ತೇನಪ್ಪಾ ನಿಂಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಅವರು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದರು. ಸಣ್ಣಗಾಗಿದ್ದರು.

"ಬನ್ನಿ ಮೇಷ್ಟ್ರೇ. ಅಫ್ಘಾನಿಸ್ತಾನಕ್ಕೋಸ್ಕರ ಬಂದ್ರೋ, ನಂಗೋಸ್ಕರ ಬಂದ್ರೋ?"

ನಾನು ಮಂಚದ ಪಕ್ಕ ಕೂತೆ. ಪ್ರಪಂಚದ ಮಾತೇ ಸ್ವಲ್ಪ ಹೊತ್ತು ಆಡಿದೆವು. ಆಮೇಲೆ ಅವರಾಗಿಯೇ ಕೇಳಿದರು.

"ಆವತ್ತು ಯಾಕೆ ಎದ್ದು ಹೋದ್ರಿ?"

"ಎಲ್ಲಿ ಹೋದೆ ಸಾರ್? ಮುಂದಿನ್ ಬೆಂಚಲ್ಲೇ ಇದ್ನಲ್ಲ. ನೀವೇ ಏನೂ ಹೇಳ್ದೆ ಕೈ ಮುಗ್ದು ಇಳಿದ್ಬಿಟ್ರಿ."

ಅವರು ನನ್ನನ್ನು ನೋಡಿದರು. ವಕೀಲರು ಸಾಕ್ಷಿಯನ್ನು ನೋಡುವ ಹಾಗಲ್ಲ. "ಕೈ ಮುಗ್ದು ಇಳಿದೆ, ನಿಜ. ವೇದಿಕೆ ಮೇಲಿಂದ ಕೂಗಿದ್ರೆ ಕೇಳ್ಸಲ್ಲ ಅಂತ ಇಳಿದೆ. ಆ ಕಡೆ ಕೊಬ್ಬರಿ ತೂಗೋ ಕಾಟಾ ಇತ್ತಲ್ಲ, ಅದ್ರ ಪಕ್ಕ ನಿಂತ್ಕೊಂಡು ಮುಕ್ಕಾಲ್ ಗಂಟೆ ಮಾತಾಡ್ದೆ. ಇಪ್ಪತ್ ಜನ ಇದ್ದಿರ್ಬೋದು. ನಡುನಡುವೆ ನಿಮ್ಮನ್ನ ಹುಡುಕ್ದೆ. ಈ ಮಾತ್‌ಗೆ ಮೇಷ್ಟ್ರು ಏನಂತಾರೆ ಅಂತ ಕೇಳ್ಬೇಕಾಗಿತ್ತು. ನೀವಿರ್ಲಿಲ್ಲ."

"ಇಲ್ಲ ಸಾರ್, ನಾನಿದ್ದೆ."

"ಹಮಾಲರು ಚಪ್ಪಾಳೆ ತಟ್ಟಿದ್ರಲ್ಲ, ಆಗ್ಲೇ ನೀವ್ ಎದ್ದಿದ್ರಿ. ಮುಖ ಎಷ್ಟ್ ಬೆಳಗಿತ್ತು ಅಂದ್ರೆ, ನಾನ್ ಓದೋದು ಬಿಟ್ಟು ಅದನ್ನೇ ನೋಡ್ದೆ ಒಂದ್ ನಿಮಿಷ."

ಕಾಫಿ ತಂದ ಅವರ ಹೆಂಡತಿ ನಿಂತು ಕೇಳಿಸಿಕೊಂಡರು. "ನಾಲ್ಕೂವರೆ ಬಸ್ಸಿಗೇ ಹೊರಟೋದ್ರಂತೆ ಅಂತ ಇವ್ರು ಬಂದು ಹೇಳಿದ್ರಪ್ಪಾ. ನಿಂಗೂ ಸೇರ್ಸಿ ಮುದ್ದೆ ಮಾಡಿದ್ದೆ. ಯಾಕೆ ಹೋದ್ರೋ ಏನೋ, ಮೈ ಹುಷಾರಿಲ್ವೇನೋ ಅಂತ ಇವ್ರು ಉಣ್ಣೋವಾಗೆಲ್ಲ ಅದೇ ಮಾತು."

ನಾನು ವಾದಿಸಲು ಹೊರಟೆ. ಆದರೆ ಆಗ ಒಂದು ಚಿತ್ರ ಕಣ್ಣಮುಂದೆ ಬಂತು. ಬಸ್ಸಿನ ಕಿಟಕಿ, ಹೊರಗೆ ಗುಬ್ಬಿ ಕೆರೆಯ ನೀರಿನ ಮೇಲೆ ಇನ್ನೂ ಇಳಿಯದ ಬಿಸಿಲು, ಪಕ್ಕದ ಸೀಟಿನಲ್ಲಿ ಕಾರ್ಬನ್ ಹಾಳೆ ಓದುತ್ತ ಕೂತ ವರದಿಗಾರ, "ಫಸ್ಟ್ ಕ್ಲಾಸಾಗಿದೆ ಸಾರ್" ಎಂದ ಅವನ ಮಾತು. ಈ ಚಿತ್ರ ನನಗೆ ಹೊಸದಲ್ಲ. ಇದು ಬೇರೆ ಯಾವುದೋ ದಿನದ್ದು ಎಂದು ಎತ್ತಿಟ್ಟಿದ್ದೆ. ಬೇರೆ ಯಾವ ದಿನ ನಾನು ಅವನ ಜೊತೆ ಪ್ರಯಾಣ ಮಾಡಿದ್ದೆ? ಕರೆಂಟು ಹೋದದ್ದು, ಅವರು ಕೈ ಮುಗಿದು ಇಳಿದದ್ದು ಆಮೇಲೆ ಯಾರಿಂದಲೋ ಕೇಳಿ, ನಾನೇ ಕಂಡದ್ದೆಂದು ಸೇರಿಸಿಕೊಂಡೆನೇ? ಅಷ್ಟು ಹೊತ್ತು ಅವನ ಪಕ್ಕದಲ್ಲೇ ಕೂತು, 'ಇದು ಅವರ ನಿಲುವಲ್ಲ' ಎಂದು ಯಾಕೆ ಇನ್ನೊಮ್ಮೆ ಹೇಳಲಿಲ್ಲ? ಆದರೆ ಈ ಚಿತ್ರವನ್ನು ಕೂಡ ಅವರ ಮಾತು ಕೇಳಿದ ಮೇಲೆ ನಾನು ಕಟ್ಟಿಕೊಂಡೆನೇ ಎಂಬ ಅನುಮಾನ ಆ ಕ್ಷಣವೇ ಎದ್ದಿತು. ಅದಕ್ಕೆ ಆಧಾರ ಕೇಳಲು ಯಾರ ಹತ್ತಿರ ಹೋಗಲಿ? ಅಂತೂ ನನ್ನ ನೆನಪಿನಲ್ಲಿ ಇದ್ದ ಅವರ ಮೌನ ಅವರದಾಗಿರಲಿಲ್ಲ. ನಾನು ಅಲ್ಲಿ ಇಲ್ಲದೇ ಇದ್ದುದರಿಂದ ಅದು ಮೌನವಾಗಿತ್ತು.

"ಕಾಪಿ ಕೊಟ್ಟೋನು ನಾನೇ ಸಾರ್," ಎಂದೆ.

"ಗೊತ್ತು. ಪೇಪರಲ್ಲಿ ನಿಮ್ ಒಂದ್ ಕಾಮಾ, ಫುಲ್‌ಸ್ಟಾಪೂ ಬಿಡ್ದೆ ಹಾಕಿದ್ರಲ್ಲ." ಅವರು ನಕ್ಕರು. "ಟಿಕೆಟ್ ಹೋಗಿದ್ದಕ್ಕೆ ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಅದಕ್ಕಿಂತ, ನೀವ್ ಉತ್ತರ ಕೇಳ್ದೆ ಹೋದ್ರಲ್ಲ ಅಂತ. ಅಷ್ಟ್ ಚೆನ್ನಾಗ್ ಬರ್ದೋರು, ಕೇಳ್ಬೇಕಾಗಿದ್ದಿದ್ದು ನೀವೊಬ್ರೇ. ಈಗ ಹೇಳ್ಲಾ?"

"ಹೇಳಿ ಸಾರ್."

ಅವರು ಎದ್ದು ಸರಿಯಾಗಿ ಕೂತರು. ಖಾಲಿಯಾದ ಮೂರು ಕಾಫಿ ಲೋಟಗಳನ್ನು ಮಂಚದ ಅಂಚಿನ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಒಂದು ಲೋಟ ನಮ್ಮ ಉಂಡೆ ಕೊಬ್ಬರಿಯ ಮಾರುಕಟ್ಟೆ, ಒಂದು ಕೇರಳದ್ದು. ಮೂರನೆಯದೂ ಏನೋ ಒಂದಾಗಿತ್ತು. ಒಂದನ್ನು ಸರಿಸಿದರೆ ಇನ್ನೊಂದು ಯಾಕೆ ತನ್ನ ಜಾಗದಲ್ಲಿ ನಿಲ್ಲಲಾರದು ಎಂದು ತೋರಿಸಿದರು. ವಠಾರದ ಹೆಂಗಸರ ಎಣ್ಣೆಯ ಪ್ರಶ್ನೆಗೂ ಉತ್ತರ ಇತ್ತು. ಅವರು ಅದನ್ನು ತಪ್ಪಿಸಿಕೊಳ್ಳಲಿಲ್ಲ. ನಾನು ನಡುವೆ ಎರಡು ಸಲ ಅಡ್ಡ ಹಾಕಿದೆ, ಎರಡು ಸಲವೂ ಅವರು ಲೋಟವನ್ನು ಹಿಂದಕ್ಕೆ ಇಟ್ಟು ಮತ್ತೆ ಶುರು ಮಾಡಿದರು. ಕೊನೆಗೆ ನಾನು ಒಪ್ಪಿದೆ. ಮರ್ಯಾದೆಗೆ ಒಪ್ಪಿದ್ದಲ್ಲ, ನಿಜವಾಗಿ ಒಪ್ಪಿದೆ. ಒಪ್ಪಿದಾಗ ಅವರು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡದ್ದು ನೆನಪಿದೆ.

ಅದಾದ ಮೇಲೆ ಅವರು ಬಹಳ ದಿನ ಇರಲಿಲ್ಲ. ಆ ಉತ್ತರವನ್ನು ಬರೆದಿಡಬೇಕು ಎಂದು ನಾನು ಅನೇಕ ಸಲ ಕೂತಿದ್ದೇನೆ. ನಾನು ಬರೆದ ಪೂರ್ವಪಕ್ಷ ಮೊದಲಿನಿಂದ ಕೊನೆಯವರೆಗೆ ಇವತ್ತಿಗೂ ಬಾಯಿಗೆ ಬರುತ್ತದೆ. ಅವರ ಉತ್ತರದಲ್ಲಿ ಒಂದು ವಾಕ್ಯವೂ ಪೂರ್ತಿಯಾಗಿ ಬರುವುದಿಲ್ಲ. ಬರೆಯುತ್ತ ಹೋದರೆ ನನ್ನವೇ ವಾಕ್ಯಗಳು ಬರುತ್ತವೆ, ನನ್ನದೇ ದನಿಯಲ್ಲಿ, ಅವರ ಹೆಸರು ಹೇಳಿಕೊಂಡು. ಒಂದು ಸಲ ಹಾಗೆ ಅಚ್ಚಾದದ್ದು ಸಾಕು ಎಂದು ಹರಿದು ಹಾಕುತ್ತೇನೆ. ಉತ್ತರ ಇತ್ತು, ಅದು ನನ್ನನ್ನು ಒಪ್ಪಿಸಿತು ಎಂದು ಮಾತ್ರ ಹೇಳಬಲ್ಲೆ. ಲೋಟಗಳನ್ನು ಅವರು ಸರಿಸಿದ ಕ್ರಮ ಕೂಡ ಕೈಗೆ ಗೊತ್ತಿದೆ. ಮೂರನೆಯ ಲೋಟ ಯಾವುದಾಗಿತ್ತು ಎಂದು ಕೇಳಲು ಈಗ ಗುಬ್ಬಿಯಲ್ಲಿ ಯಾರೂ ಇಲ್ಲ.